ಉಡಿ ತುಂಬಿದ ಶುಕ್ರವಾರ

ಚಂದಮ್ಮನಿಗೆ ಒಂದು ಗುಣವಿತ್ತು. ಯಾರ ಉಪಕಾರವನ್ನೂ ಆಕೆ ಬಹಳ ದಿನ ಮೈಮೇಲೆ ಇಟ್ಟುಕೊಳ್ಳುತ್ತಿರಲಿಲ್ಲ. ಪಕ್ಕದ ಮನೆಯವರು ಒಂದು ಬಟ್ಟಲು ಪುಂಡಿಪಲ್ಯ ಕೊಟ್ಟರೆ, ಆ ಬಟ್ಟಲು ಬರಿದಾಗಿ ಹಿಂದಿರುಗಿದ್ದನ್ನು ಕಮಲಾಪುರದ ಅವಳ ಓಣಿಯಲ್ಲಿ ಯಾರೂ ಕಂಡಿಲ್ಲ. ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟ ಹುಡುಗಿಗೂ ಚೀಲದಿಂದ ಎರಡು ಪೇರಲ ಹಣ್ಣು ತೆಗೆದು ಕೊಟ್ಟೇ ಇಳಿಯುವವಳು. ಇದರಲ್ಲಿ ಕೆಟ್ಟದ್ದೇನಿದೆ ಎಂದು ನೀವು ಕೇಳುತ್ತೀರಿ. ಏನೂ ಇಲ್ಲ. ಆದರೂ ಅವಳ ಕೈಯಿಂದ ಆದ ಅತಿ ದೊಡ್ಡ ಅನಾಹುತ ಈ ಗುಣದಿಂದಲೇ ಆಯಿತು.

ಅವಳು ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಇದ್ದವನು ಒಬ್ಬ ತಮ್ಮ, ಶಿವಶರಣ. ತಾಯಿ ಹೋದಾಗ ಅವನಿಗೆ ಆರು ವರ್ಷ. ಅಂದಿನಿಂದ ಅವನ ಮೂಗು ಒರೆಸಿದವಳೂ ಅವಳೇ, ಮದುವೆ ಮಾಡಿದವಳೂ ಅವಳೇ. ಅವಳ ಮನೆಯ ಮುಂಗೋಣೆಯಲ್ಲೇ ಅವನ ಹೊಲಿಗೆ ಅಂಗಡಿ. ಹೆಂಗಸರ ಜಂಪರ್ ಹೊಲಿಯುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಮೈಯಳತೆ ತೆಗೆದುಕೊಳ್ಳದೆ, ಹಳೆಯ ಜಂಪರ್ ಒಂದನ್ನು ನೋಡಿಯೇ ಕತ್ತರಿ ಆಡಿಸುತ್ತಿದ್ದ.

ಕುಡಿತ ಯಾವಾಗ ಶುರುವಾಯಿತೋ ಅವನಿಗೇ ನೆನಪಿಲ್ಲ. ಮೊದಲು ಹಬ್ಬಕ್ಕೆ, ಆಮೇಲೆ ಅಮಾವಾಸ್ಯೆಗೆ, ಕೊನೆಗೆ ಸೂರ್ಯ ಹುಟ್ಟಿದ್ದಕ್ಕೆ. ಹೆಂಡತಿ ಅಂಜನಾ ಮಗಳನ್ನು ಕರೆದುಕೊಂಡು ತವರಿಗೆ ಹೋಗಿ ಕೂತಳು. ಚಂದಮ್ಮ ಮಾಡದ ಪ್ರಯತ್ನ ಉಳಿಯಲಿಲ್ಲ. ದೇವರ ಮುಂದೆ ಆಣೆ ಮಾಡಿಸಿದಳು. ಪಂಢರಪುರಕ್ಕೆ ಕರೆದೊಯ್ದು ತುಳಸಿ ಮಾಲೆ ಹಾಕಿಸಿದಳು. ಮಾಲೆ ಕೊರಳಲ್ಲಿದ್ದರೆ ಕುಡಿಯುವಂತಿಲ್ಲವಲ್ಲ. ನಲವತ್ತು ದಿನ ತಡೆದ. ನಲವತ್ತೊಂದನೆಯ ದಿನ ಮಾಲೆ ತೆಗೆದು ಗೋಡೆಯ ಮೊಳೆಗೆ ತೂಗುಹಾಕಿ, ಹೋಗಿ ಕುಡಿದು ಬಂದು, ಕೈಕಾಲು ಮುಖ ತೊಳೆದು ಮತ್ತೆ ಹಾಕಿಕೊಂಡ. ಯಾರೋ ಹೇಳಿದರೆಂದು ಬೇಳೆಯಲ್ಲಿ ಔಷಧಿಯ ಪುಡಿ ಕಲಸಿ ಉಣಿಸಿದಳು. ಎರಡು ದಿನ ಕರುಳು ಕಿತ್ತು ಬರುವಂತೆ ವಾಂತಿ ಮಾಡಿ, ಮೂರನೆಯ ದಿನ ಬಾಯಿ ರುಚಿ ಕೆಟ್ಟಿದೆ ಎಂದು ಮತ್ತೆ ಕುಡಿದ.

ಹೊಟ್ಟೆ ಉಬ್ಬಿ ಕಣ್ಣು ಹಳದಿಯಾದಾಗ ಕಲಬುರಗಿಯ ದವಾಖಾನೆಯಲ್ಲಿ ಹದಿನೈದು ದಿನ ಇಟ್ಟುಕೊಂಡರು. ಇನ್ನು ಕುಡಿದರೆ ನಾವು ಜವಾಬ್ದಾರರಲ್ಲ ಎಂದು ಡಾಕ್ಟರು ಅವಳ ಮುಖ ನೋಡಿ ಹೇಳಿದರು, ಅವಳೇ ಕುಡಿಯುವವಳು ಎಂಬಂತೆ. ಡಿಸ್ಚಾರ್ಜ್ ಆಗುವ ದಿನ ಅಲ್ಲಿಯ ಆಪ್ತಸಮಾಲೋಚಕಿ, ವಯಸ್ಸಿನ್ನೂ ಮೂವತ್ತಾಗದ ಹುಡುಗಿ, ಅವಳನ್ನು ಪಕ್ಕಕ್ಕೆ ಕರೆದಳು.

"ಅಮ್ಮಾರೆ, ಕುಡಿಯೋದ ಬಿಟ್ಟವರು ಕೂಡಿ ಮಾತಾಡೋ ಒಂದು ಗುಂಪದ. ಸೂಪರ್ ಮಾರ್ಕೆಟ್ ಹತ್ರ ಎಲ್ಲೋ ಕೂಡ್ತಾರಂತ. ರೊಕ್ಕಗಿಕ್ಕ ಏನೂ ಇಲ್ಲ. ನಮ್ಮ ಔಷಧಕ್ಕಿಂತ ಅದು ಭಾಳ ದಿನ ಕೈ ಹಿಡೀತದ."

"ಬೋರ್ಡ್ ಅದೇನವ್ವಾ?"

"ಬೋರ್ಡ್ ಹಾಕಂಗಿಲ್ರಿ ಅವರು. ಯಾರು ಬರ್ತಾರಂತ ಹೊರಗ ಗೊತ್ತಾಗಬಾರದು ಅಂತ ಕಟ್ಟಳಿ ಅದ. ಒಂದು ನಂಬರ್ ಕೊಡ್ತೀನಿ ತಗೋರಿ."

ನಂಬರು ಚಾಲ್ತಿಯಲ್ಲಿರಲಿಲ್ಲ. ಶಿವಶರಣ ಮನೆಗೆ ಬಂದ ಒಂಬತ್ತನೆಯ ದಿನವೇ ಮತ್ತೆ ಶುರು ಮಾಡಿದ. ಚಂದಮ್ಮ ಶಾಲೆ ಮುಗಿಸಿಕೊಂಡು ಬಸ್ಸು ಹತ್ತಿದಳು.

ಸೂಪರ್ ಮಾರ್ಕೆಟ್ ಎಂಬ ಆ ದೊಡ್ಡ ಪೇಟೆಯಲ್ಲಿ ಸೂಜಿ ಕಳೆದರೆ ಸಿಗುವುದಿಲ್ಲ, ಕಾಣಿಸಿಕೊಳ್ಳಬಾರದೆಂದು ಕುಳಿತ ಮಂದಿ ಸಿಗುತ್ತಾರೆಯೇ? ಮೊದಲ ಸಲ ಆಕೆ ಆಟೋಗಳ ನಡುವೆ ಸುಮ್ಮನೆ ಅಡ್ಡಾಡಿ ಬಂದಳು. ಎರಡನೆಯ ಸಲ ನಾಚಿಕೆ ಬಿಟ್ಟು ಕೇಳತೊಡಗಿದಳು. ಬಟ್ಟೆ ಅಂಗಡಿ, ಬಂಗಾರದಂಗಡಿ, ಕಿರಾಣಿ, ಮೆಡಿಕಲ್ ಯಾವುದನ್ನೂ ಬಿಡಲಿಲ್ಲ. "ಕುಡಿಯೋದು ಬಿಟ್ಟವರು ಎಲ್ಲಿ ಕೂಡ್ತಾರ್ರಿ?" ಒಬ್ಬ ಮುಸಿಮುಸಿ ನಗುತ್ತ ಎದುರಿನ ವೈನ್ ಶಾಪ್ ತೋರಿಸಿದ. "ಬಿಟ್ಟವರು ಗೊತ್ತಿಲ್ರಿ, ಬಿಡದವರು ಅಲ್ಲಿ ಕೂಡ್ತಾರ." ಸುತ್ತ ಇದ್ದವರೂ ನಕ್ಕರು. ಚಂದಮ್ಮನಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಸಿಟ್ಟಿನಿಂದ ಏನೂ ಆಗದು ಎಂದು ತಿಳಿದಾಗ ಅಳು ಬಂತು.

ಮೂರನೆಯ ಸಲ ಚಹಾದಂಗಡಿಯೊಂದರ ಮುಂದೆ ಅದೇ ಪ್ರಶ್ನೆ ಕೇಳಿ, ಅದೇ ನಗು ಕೇಳಿಸಿಕೊಂಡು ಹೊರಟಾಗ ಒಬ್ಬ ಮನುಷ್ಯ ಹಿಂದೆ ಬರುತ್ತಿರುವುದು ಗೊತ್ತಾಯಿತು. ಅರವತ್ತರ ಹತ್ತಿರ ವಯಸ್ಸು, ಸಣಕಲು ಮೈ, ಒಪ್ಪವಾಗಿ ಕತ್ತರಿಸಿದ ಬಿಳಿ ಗಡ್ಡ. ಉಗುರಿನ ಸಂದಿಯಲ್ಲಿ ಕಪ್ಪು ಎಣ್ಣೆ. ಜನ ಕಡಿಮೆಯಾದ ಸಂದಿಯಲ್ಲಿ ಆತ ಹತ್ತಿರ ಬಂದು ಮೆಲ್ಲಗೆ ಮಾತಾಡಿದ.

"ಅಮ್ಮಾ, ಇಷ್ಟ ಜೋರ್ಲೆ ಕೇಳಬ್ಯಾಡ್ರಿ. ಯಾರಿಗಾಗಿ ಹುಡಕ್ಲಾಕತ್ತೀರಿ?"

"ನನ್ನ ತಮ್ಮಗ್ರಿ. ನೀವು ಯಾರ್ರಿ? ಯಾವೂರು? ಯಾರ ಪೈಕಿ?"

ಆತ ನಕ್ಕ. "ಅಲ್ಲಿ ಅದೊಂದ ಕೇಳಂಗಿಲ್ರಿ. ನನ್ನ ಹೆಸರು ಕರೀಂ. ಅಷ್ಟ ಸಾಕು."

ಆತ ಹೊಲಿಗೆ ಮಷೀನ್ ರಿಪೇರಿಯವನು. ಎರಡು ಸಂದಿ ಆಚೆ ಅವನ ಪುಟ್ಟ ಅಂಗಡಿ. ಅದರ ಹಿಂದೆ ಒಂದು ಟ್ಯೂಷನ್ ಕ್ಲಾಸಿನ ಮೇಲ್ಮಹಡಿಯ ಕೋಣೆಯಲ್ಲಿ ಮಂಗಳವಾರ, ಗುರುವಾರ, ರವಿವಾರ ಸಂಜೆ ಆರಕ್ಕೆ ಅವರು ಕೂಡುತ್ತಾರೆ. ಕೋಣೆಯ ಕೀಲಿ ಕರೀಂಸಾಬನ ಬಳಿಯೇ ಇರುತ್ತದೆ. ಇಷ್ಟನ್ನು ಹೇಳಿ, ವಿಳಾಸವನ್ನು ಒಂದು ಚೀಟಿಯ ಹಿಂದೆ ಬರೆದುಕೊಟ್ಟ. ಚಂದಮ್ಮ ಆ ಚೀಟಿಯನ್ನು ಕಣ್ಣಿಗೊತ್ತಿಕೊಂಡಳು.

"ಅಂವನ ರಟ್ಟಿ ಹಿಡಕೊಂಡು ನಾಳೇನ ಕರಕೊಂಡು ಬರ್ತೀನ್ರಿ."

"ಹಂಗ ಬಂದವರು ಮೆಟ್ಟಲಾ ಹತ್ತತಾರ, ಇಳೀತಾರ, ಅಷ್ಟ. ಬರಬೇಕಂತ ಅವರಿಗೇ ಅನಸಬೇಕ್ರಿ ಅಮ್ಮಾ."

"ಅನಸೂತನಕ ನಾ ಏನ್ ಮಾಡ್ಲಿ?"

ಕರೀಂಸಾಬ ತನ್ನ ಕೈಯ ಎಣ್ಣೆ ಕಲೆ ಉಜ್ಜಿಕೊಂಡ. "ನನ್ನ ಹೆಂಡತಿನೂ ಇದನ್ನ ಕೇಳ್ತಿದ್ಳು. ಏನ್ ಮಾಡಬೇಕಂತ ನನಗೂ ಗೊತ್ತಿಲ್ರಿ."

ಹಾಗಾಗಿ ಚೀಟಿ ಸಿಕ್ಕಿತು, ತಮ್ಮ ಸಿಗಲಿಲ್ಲ. ನಾಲ್ಕು ತಿಂಗಳು ಆ ಚೀಟಿ ಅಡುಗೆ ಮನೆಯಲ್ಲಿ ಉಪ್ಪಿನ ಡಬ್ಬಿಯ ಕೆಳಗೆ ಬಿದ್ದಿತ್ತು. ಹೇಳಿದಳು, ಅತ್ತಳು, ಮೂರು ದಿನ ಮಾತು ಬಿಟ್ಟಳು. ಇನ್ನೂರು ಮಕ್ಕಳಿಗೆ ಹದ ತಪ್ಪದೆ ಅನ್ನ ಬೇಯಿಸುವವಳಿಗೆ ಒಬ್ಬ ತಮ್ಮನಿಗೆ ಎರಡು ತುತ್ತು ಉಣಿಸಲು ಆಗುತ್ತಿರಲಿಲ್ಲ. ಕಣ್ಣೆದುರು ಅವನ ಕೊರಳಿನ ಎಲುಬು ದಿನಕ್ಕಿಷ್ಟು ಮೇಲೆ ಬರುವುದನ್ನು ನೋಡುತ್ತ ಕೂಡುವುದೊಂದೇ ಅವಳ ಪಾಲಿಗೆ ಉಳಿದ ಕೆಲಸ.

ಅವನಿಗೆ ಅನ್ನಿಸಿದ್ದು ಒಂದು ಜಂಪರಿನಿಂದ. ಮದುಮಗಳೊಬ್ಬಳ ರೇಷ್ಮೆ ಸೀರೆಯ ಜೊತೆಯ ಖಣ. ಕತ್ತರಿಸಿ ಮುಗಿದ ಮೇಲೆ ನೋಡುತ್ತಾನೆ, ಎದೆಯ ಎರಡು ಭಾಗವೂ ಎಡಗಡೆಯವೇ. ಬಲಗಡೆಗೆ ಬಟ್ಟೆ ಉಳಿದಿಲ್ಲ. ಮದುವೆಗೆ ಮೂರು ದಿನ. ಹುಡುಗಿಯ ತಾಯಿ ಬೈಯಲಿಲ್ಲ. ಎರಡು ತುಂಡುಗಳನ್ನೂ ಮಡಚಿ ಚೀಲಕ್ಕೆ ಹಾಕಿಕೊಂಡು, "ನಿನ್ನ ಕೈಯಾಗ ಹೊಲಸಬೇಕಂತ ಹುಡುಗಿ ಹಟ ಮಾಡಿತ್ತಪಾ" ಎಂದಷ್ಟೇ ಹೇಳಿ ಹೋದಳು. ಶಿವಶರಣ ಕತ್ತರಿ ಕೆಳಗಿಟ್ಟ. ಅಡುಗೆ ಮನೆಯ ಬಾಗಿಲಿಗೆ ಬಂದು ನಿಂತ.

"ಅಕ್ಕಾ, ಆ ಚೀಟಿ ಎಲ್ಲಿ ಅದ?"

ಮೊದಲ ದಿನ ಚಂದಮ್ಮನೂ ಜೊತೆಗೆ ಹೋದಳು. ಕರೀಂಸಾಬ ಬಾಗಿಲಲ್ಲಿ ನಿಂತು ಕುಡಿಯುವವರಷ್ಟೇ ಒಳಗೆ, ಮನೆಯವರು ಹೊರಗೆ ಎಂದ. ಆಕೆ ಮೆಟ್ಟಿಲ ಮೇಲೆ ಕೂತಳು. ಒಳಗಿನಿಂದ ಒಬ್ಬೊಬ್ಬರ ದನಿ ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಒಮ್ಮೆ ಯಾರೋ ನಕ್ಕರು. ಒಮ್ಮೆ ಯಾರೋ ಅತ್ತರು, ಅದು ತಮ್ಮನ ಅಳುವೆಂದು ಅವಳಿಗೆ ತಿಳಿಯಿತು. ಆರು ವರ್ಷದವನಿದ್ದಾಗ ಅತ್ತಂತೆಯೇ ಅತ್ತ. ಒಳಗೆ ಹೋಗಿ ತಲೆ ಹಿಡಿದುಕೊಳ್ಳಬೇಕೆಂದು ಅವಳ ಕೈ ಚಡಪಡಿಸಿತು. ಹೋಗುವಂತಿರಲಿಲ್ಲ.

ಕೆಟ್ಟ ಹೊತ್ತೆಂದರೆ ಸಂಜೆ ಆರರಿಂದ ಎಂಟು. ಮೀಟಿಂಗ್ ಇಲ್ಲದ ದಿನ ಆ ಹೊತ್ತಿಗೆ ಸರಿಯಾಗಿ ಕರೀಂಸಾಬ ಫೋನು ಮಾಡುತ್ತಿದ್ದ. ಕೆಟ್ಟುಹೋದ ಒಂದು ಹಳೆಯ ಹೊಲಿಗೆ ಮಷೀನಿನ ತಲೆಯನ್ನು ಗೋಣಿಚೀಲದಲ್ಲಿ ಕಟ್ಟಿ ಶಿವಶರಣನಿಗೆ ಕೊಟ್ಟಿದ್ದ. "ಮನಸ ಎಳದಾಗ ಇದನ್ನ ಪೂರಾ ಬಿಚ್ಚು, ಎಣ್ಣಿ ಹಚ್ಚು, ಮತ್ತ ಜೋಡಸು. ಒಂದ ಸ್ಕ್ರೂ ಉಳೀಬಾರದು." ಮೊದಲ ವಾರ ಒಂಬತ್ತು ಸ್ಕ್ರೂ ಉಳಿದವು. ಹಾಗೆಯೇ ಕಡಿಮೆಯಾಗುತ್ತ ಬಂದು, ತಿಂಗಳ ಕೊನೆಗೆ ಒಂದೂ ಉಳಿಯಲಿಲ್ಲ. ಆ ಮಷೀನು ದಾರಿಗೆ ಬರಲಿಲ್ಲ ನಿಜ, ದಾರಿಗೆ ಬರಬೇಕಾದವನು ಬಂದ.

ದಿನ ಕಳೆದಂತೆ ಅವನ ಮುಖಕ್ಕೆ ಕಳೆ ಬಂತು. ಎರಡು ರೊಟ್ಟಿ ತಿಂದು ಮೂರನೆಯದಕ್ಕೆ ತಟ್ಟೆ ಚಾಚಿದ ದಿನ ಚಂದಮ್ಮ ಒಲೆಯ ಕಡೆ ಮುಖ ತಿರುಗಿಸಿಕೊಂಡು ಅತ್ತಳು. ಅಂಗಡಿಯ ಗೋಡೆಯ ಮೇಲೆ ಅವನು ಬಟ್ಟೆ ಗುರುತು ಮಾಡುವ ಸೀಮೆಸುಣ್ಣದಿಂದ ದಿನಕ್ಕೊಂದು ಗೆರೆ ಎಳೆಯುತ್ತಿದ್ದ. ಐವತ್ತು ದಾಟಿತು, ಎಪ್ಪತ್ತು ದಾಟಿತು. ಹೆಂಗಸರು ಮತ್ತೆ ಖಣ ತಂದುಕೊಡತೊಡಗಿದರು.

ಈಗ ಚಂದಮ್ಮನ ಗುಣ ತಲೆಯೆತ್ತಿತು. ಪುಂಡಿಪಲ್ಯಕ್ಕೇ ಬರಿ ಬಟ್ಟಲು ಕಳಿಸದವಳು ತಮ್ಮನ ಜೀವಕ್ಕೆ ಏನೂ ಕೊಡದೆ ಹೇಗಿದ್ದಾಳು? ಒಂದು ದಿನ ಊಟಕ್ಕೆ ಬಡಿಸುತ್ತ ಕೇಳಿಯೇಬಿಟ್ಟಳು.

"ಕರೀಂಸಾಬರ ಮನಿಗೆ ಒಮ್ಮೆ ಹೋಗಿ ಬರೋಣೇನೋ ತಮ್ಮಾ?"

"ಬ್ಯಾಡಕ್ಕಾ. ಅಲ್ಲಿಂದು ಅಲ್ಲೇ ಬಿಡಬೇಕು. ಯಾರ ಮುಂದನೂ ಬಾಯಿ ಬಿಡಂಗಿಲ್ಲ. ಅದೊಂದ ಗಟ್ಟಿ ಮಾತು ನಮ್ಮಲ್ಲಿ."

ಚಂದಮ್ಮ ಈ ಮಾತನ್ನು ನಾಲ್ಕು ದಿನ ಮಗುಚಿ ಹಾಕಿದಳು. ಬಾಯಿ ಬಿಡಬಾರದು ಅಂದಿದ್ದಾರೆ, ಸರಿ. ಉಡಿ ತುಂಬಬಾರದು ಅಂದಿಲ್ಲವಲ್ಲ. ತನ್ನ ಮನೆಯ ಗಂಡುಮಗನನ್ನು ಉಳಿಸಿದವರ ಮನೆಯ ಮುತ್ತೈದೆಗೆ ಉಡಿ ತುಂಬಿ, ಒಂದು ಮಾತೂ ಆಡದೆ ಎದ್ದು ಬಂದರೆ ಯಾವ ಕಟ್ಟಳೆ ಮುರಿದಂತಾಯಿತು? ಅವರು ಮುಸಲ್ಮಾನರೆಂಬುದು ಅವಳಿಗೆ ಅಡ್ಡಿಯಾಗಲಿಲ್ಲ. ಓಣಿಯಲ್ಲಿ ಬಸುರಿಯಾದ ಮುಸಲ್ಮಾನರ ಹೆಣ್ಣುಮಕ್ಕಳಿಗೆ ಅವಳೇ ಎಷ್ಟು ಸಲ ಉಡಿ ತುಂಬಿಲ್ಲ. ತಾನು ಗಂಡನಿಲ್ಲದವಳು ಎಂಬುದನ್ನೂ ಆಕೆ ಬದಿಗಿಟ್ಟಳು. ತಮ್ಮನ ಹೆಂಡತಿ ಮನೆಯಲ್ಲಿದ್ದಿದ್ದರೆ ಅವಳ ಕೈಯಿಂದ ಮಾಡಿಸುತ್ತಿದ್ದಳು, ಇಲ್ಲದ್ದಕ್ಕೆ ಯಾರೇನು ಮಾಡುವುದು.

ಉಡಿ ತುಂಬಲು ಶುಕ್ರವಾರ ಒಳ್ಳೆಯ ದಿನ. ಕರೀಂಸಾಬನೂ ಶುಕ್ರವಾರ ಮಧ್ಯಾಹ್ನದ ನಮಾಜಿನ ನಂತರ ಅಂಗಡಿ ತೆರೆಯುವುದಿಲ್ಲ, ಮನೆಯಲ್ಲೇ ಇರುತ್ತಾನೆ. ಇಷ್ಟು ಲೆಕ್ಕ ಹಾಕಿದವಳು, ಅವನ ಮನೆಗೆ ಹೋಗಬೇಕೆನ್ನುವ ಬೇರೆ ಯಾರಾದರೂ ಇದೇ ಲೆಕ್ಕ ಹಾಕಿಯಾರು ಎಂದು ಯೋಚಿಸಲಿಲ್ಲ.

ತಮ್ಮನಿಗೆ ಶಾಲೆಯ ಕೆಲಸವೆಂದು ಸುಳ್ಳು ಹೇಳಿ ಹೊರಟಳು. ಖಣ, ಕೊಬ್ಬರಿ ಬಟ್ಟಲು, ಅಕ್ಕಿ, ಉತ್ತುತ್ತಿ, ಎಲೆ ಅಡಿಕೆ, ಮೇಲೆ ತೋಟದವರ ಮನೆಗೇ ಹೋಗಿ ಆರಿಸಿ ತಂದ ಒಂದು ಚಿಪ್ಪು ಕೆಂಪು ಬಾಳೆಹಣ್ಣು. ಬಸ್ಸಿನಲ್ಲಿ ಆ ಚಿಪ್ಪು ನಲುಗದಂತೆ ತೊಡೆಯ ಮೇಲೆ ಕೂಸಿನ ಹಾಗೆ ಹಿಡಿದು ಕೂತಿದ್ದಳು. ಕರೀಂಸಾಬನ ಅಂಗಡಿಯ ಪಕ್ಕದಲ್ಲಿ ದಾರ, ಗುಂಡಿ ಮಾರುವ ನಬಿಸಾಬ್ ಮನೆಯ ದಾರಿಯನ್ನೂ, ಮನೆಯಾಕೆಯ ಹೆಸರು ಮೆಹಬೂಬಿ ಎಂಬುದನ್ನೂ ಹೇಳಿದ.

ಬಾಗಿಲು ತೆರೆದೇ ಇತ್ತು. ಹೊಸ್ತಿಲಾಚೆ ಎಂಟು ಹತ್ತು ಜೊತೆ ಚಪ್ಪಲಿ. ಒಳಗೆ ಹಾಸಿದ ಜಮಖಾನೆಯ ಮೇಲೆ ಹೊಸ ಸೀರೆಯ ಹೆಂಗಸರು, ಟೋಪಿ ಹಾಕಿದ ಇಬ್ಬರು ಹಿರಿಯರು, ನಡುವೆ ತಟ್ಟೆಗಳಲ್ಲಿ ಬಿಸ್ಕತ್ತು, ಚಹಾ. ಕರೀಂಸಾಬನ ಮಗಳು ಸಿದ್ರಾಳನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ನೋಡುವುದೂ ಮುಗಿದಿತ್ತು, ತಾರೀಖಿನ ಮಾತು ನಡೆದಿತ್ತು. ಇದು ಚಂದಮ್ಮನಿಗೆ ಆಮೇಲೆ ತಿಳಿಯಿತು. ಆಗ ಅವಳಿಗೆ ಕಂಡದ್ದು ತುಂಬಿದ ಮನೆ, ಒಳ್ಳೆಯ ಗಳಿಗೆ.

"ಮೆಹಬೂಬಿ ಅಂದ್ರ ಯಾರ್ರಿ?" ಎಂದಳು.

ಬಾಗಿಲ ಹತ್ತಿರ ಚಹಾ ಹಂಚುತ್ತಿದ್ದ ಹೆಂಗಸು ತಲೆಯೆತ್ತಿದಳು. ದುಂಡು ಮುಖದ, ದಣಿದ ಕಣ್ಣಿನ ಹೆಂಗಸು. ಯಾರೋ ಗಿರಾಕಿ ಇರಬೇಕೆಂದು ಬಗೆದು, "ನಾನ ರೀ, ಬರ್ರಿ, ಒಳಗ ಬರ್ರಿ" ಎಂದಳು. ಚಂದಮ್ಮ ಅವಳನ್ನು ಅಲ್ಲೇ ಮಣೆಯ ಮೇಲೆ ಕೂರಿಸಿ, ಸೆರಗು ಹಿಡಿಯಲು ಹೇಳಿ, ಉಡಿ ತುಂಬತೊಡಗಿದಳು. ಬಂದವರ ಮುಂದೆ ಬೇಡವೆನ್ನಲಾಗದೆ ಮೆಹಬೂಬಿ ಸೆರಗೊಡ್ಡಿದಳು. ಅಕ್ಕಿ ಬಿತ್ತು, ಕೊಬ್ಬರಿ ಬಿತ್ತು, ಮೇಲೆ ಕೆಂಪು ಬಾಳೆಹಣ್ಣಿನ ಚಿಪ್ಪು ಕೂತಿತು. ಬಂದ ಹೆಂಗಸರು ಖುಷಿಯಿಂದ ನೋಡಿದರು, ಶುಭ ಶಕುನವೆಂದು ಒಬ್ಬಳು ಅಂದಳು. ಹಣ್ಣಿನ ಬಣ್ಣ ನೋಡಿ ಕಮಲಾಪುರದ್ದೇ ಎಂದು ಇನ್ನೊಬ್ಬಳು ಗುರುತಿಸಿದಳು. ಗಂಡಿನ ತಾಯಿ ನಗುತ್ತ ಕೇಳಿದಳು.

"ಯಾತರ ಖುಷಿಗಮ್ಮಾ ಇದು?"

ಚಂದಮ್ಮ ಬಾಯಿ ಬಿಡಬಾರದೆಂದೇ ಬಂದವಳು. ಆದರೆ ತುಂಬಿದ ಉಡಿಯ ಮುಂದೆ ಕೂತು ಸುಳ್ಳು ಹೇಳುವುದು ಅವಳಿಂದಾಗಲಿಲ್ಲ. ಸುಮ್ಮನಿರುವುದೂ ಆಗಲಿಲ್ಲ, ಮೂರು ತಿಂಗಳಿಂದ ಎದೆಯಲ್ಲಿ ತುಂಬಿಕೊಂಡಿದ್ದ ಸಂತೋಷ ಉಕ್ಕಿ ಬಂತು.

"ನನ್ನ ತಮ್ಮ ಕುಡದು ಕುಡದು ಸಾಯ್ಲಾಕತ್ತಿದ್ದ ರೀ. ಇವರ ಯಜಮಾನರು ಕೈ ಹಿಡದು ಬಿಡಿಸಿದ್ರು. ತಾವು ಬಿಟ್ಟಂಗ ಅಂವಗೂ ಬಿಡಿಸಿದ್ರು."

ಹೇಳಿದ ಮೇಲೂ ನಗುತ್ತಲೇ ಇದ್ದಳು. ಸುತ್ತ ಯಾರೂ ನಗುತ್ತಿಲ್ಲವೆಂದು ಅರ್ಥವಾಗಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು. ಗಂಡಿನ ತಾಯಿ ಕೈಯಲ್ಲಿದ್ದ ಕಪ್ಪನ್ನು ಕೆಳಗಿಟ್ಟಳು. ಟೋಪಿಯ ಹಿರಿಯರೊಬ್ಬರು ಕರೀಂಸಾಬನ ಕಡೆ ತಿರುಗಿ ಉರ್ದುವಿನಲ್ಲಿ ಏನೋ ಕೇಳಿದರು. ಒಳಬಾಗಿಲ ಪರದೆಯ ಹತ್ತಿರ ನಿಂತಿದ್ದ ಅವನು ತಲೆ ತಗ್ಗಿಸಿದ. ಪರದೆಯ ಸಂದಿಯಿಂದ ಇಣುಕುತ್ತಿದ್ದ ಹುಡುಗಿಯ ಮುಖ ಹಿಂದೆ ಸರಿಯಿತು. ಮೆಹಬೂಬಿ ಉಡಿಯನ್ನು ಎರಡೂ ಕೈಯಿಂದ ಹಿಡಿದುಕೊಂಡು ಹಾಗೆಯೇ ಕೂತಿದ್ದಳು, ಏಳಲೂ ಆಗದೆ, ಇಳಿಸಲೂ ಆಗದೆ.

ಯಾರೂ ಚಂದಮ್ಮನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಕರೀಂಸಾಬ ತಾನೇ ಬಂದು ಅವಳನ್ನು ಬಾಗಿಲ ತನಕ ಬಿಟ್ಟ. "ಹೋಗಿ ಬರ್ರಿ ಅಮ್ಮಾ. ಬಸ್ ಸಿಗ್ತದ" ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಕಾಲು ಹಿಡಿದುಕೊಳ್ಳುತ್ತಿದ್ದಳು.

ಆ ದಿನ ಗೋಡೆಯ ಮೇಲೆ ಎಂಬತ್ತೆರಡನೆಯ ಗೆರೆ ಇತ್ತು. ತಮ್ಮನಿಗೆ ಅವಳು ಏನೂ ಹೇಳಲಿಲ್ಲ.

ರವಿವಾರ ಶಿವಶರಣ ಮೀಟಿಂಗಿಗೆ ಹೋಗಿ ಬೇಗ ಬಂದ. "ಇವತ್ತ ಬಾಗಲಾನ ತಗೀಲಿಲ್ಲಕ್ಕಾ. ಕರೀಂಭಾಯಿ ಬರಲಿಲ್ಲ, ಕೀಲಿ ಅವರ ಹಂತ್ಯಾಕ ಅದ. ಫೋನೂ ಎತ್ತವಲ್ರು. ಮೈಯಾಗ ಆರಾಮಿಲ್ಲೇನೋ." ಮಂಗಳವಾರವೂ ಬೀಗ. ಆರೇಳು ಮಂದಿ ಮೆಟ್ಟಿಲ ಮೇಲೆ ನಿಂತು ಒಬ್ಬರ ಮುಖ ಒಬ್ಬರು ನೋಡಿದರಂತೆ. ಗುರುವಾರ ಮಾಣಿಕಪ್ಪ ಎಂಬ ನಿವೃತ್ತ ಮಾಸ್ತರರು ಉಳಿದವರನ್ನು ಚಹಾದಂಗಡಿಗೆ ಕರೆದೊಯ್ದು ಕೂರಿಸಿದರು. ಸುತ್ತ ಜನ, ಯಾರ ಬಾಯಿಂದಲೂ ಮಾತು ಹೊರಡಲಿಲ್ಲ. ಮುಂದಿನ ವಾರ ಮಾಸ್ತರರೂ ಬರಲಿಲ್ಲ. ಗುಂಪಿನವರ ಮನೆಯ ತನಕ ಬಂದು ಅವರ ಕುಡಿತದ ಮಾತು ಹೇಳಿ ಹೋಗುತ್ತಾರಂತೆ ಎಂಬ ಸುದ್ದಿ ಹೇಗೋ ಅವರವರ ಕಿವಿಗೆ ಬಿದ್ದಿತ್ತು. ಒಬ್ಬೊಬ್ಬರೂ ಒಂದೊಂದು ಮನೆ, ಒಂದೊಂದು ಮರ್ಯಾದೆ ಇಟ್ಟುಕೊಂಡವರು. ಕಾಣದ ಹಾಗೆ ಬಂದವರು ಕಾಣದ ಹಾಗೆ ಚದುರಿದರು.

ಇಷ್ಟೂ ದಿನ ಸಂಜೆ ಆರು ಗಂಟೆಗೆ ಶಿವಶರಣ ಫೋನನ್ನು ಹೊಲಿಗೆ ಮಷೀನಿನ ಮೇಲೆ ಇಟ್ಟುಕೊಂಡು ಕೂಡುತ್ತಿದ್ದ. ಅದು ರಿಂಗಾಗುತ್ತಿರಲಿಲ್ಲ. "ನಾ ಏನರ ತಪ್ಪ ಮಾತಾಡಿದ್ನೇನಕ್ಕಾ ಅವರಿಗೆ?" ಎಂದು ಕೇಳಿದ. ಚಂದಮ್ಮ ರೊಟ್ಟಿಯ ತಟ್ಟೆಯನ್ನು ಅವನ ಮುಂದಿಟ್ಟಳು. ಹೇಳಿದರೆ ಅವನು ಮುರಿದಾನು, ಹೇಳದಿದ್ದರೆ ತನ್ನನ್ನೇ ತಾನು ತಿಂದುಕೊಂಡಾನು. ಎರಡು ದಾರಿಯೂ ಒಂದೇ ಕಡೆ ಹೋಗುತ್ತಿದ್ದವು. "ನೀ ಏನ್ ಮಾಡಿಲ್ಲ, ಉಣ್ಣು" ಎಂದಳು. ಒಂದೇ ರೊಟ್ಟಿ ತಿಂದ.

ಎರಡು ವಾರ ತಡೆದು, ಗುರುವಾರ ಮಧ್ಯಾಹ್ನ ಅವನು ಕರೀಂಸಾಬನ ಅಂಗಡಿಗೇ ಹೋದ. ಬಾಗಿಲು ಹಾಕಿತ್ತು. ಪಕ್ಕದ ನಬಿಸಾಬ್ ಎಲ್ಲ ಹೇಳಿದ. ಮಗಳ ಸಂಬಂಧ ಮುರಿದುಬಿತ್ತು, ಕುಡುಕನ ಮನೆಯ ಹೆಣ್ಣು ಬೇಡವೆಂದು ಗಂಡಿನವರು ಎದ್ದು ಹೋದರು. ಯಾರೋ ಒಬ್ಬ ಹೆಣ್ಣುಮಗಳು ಉಡಿ ತುಂಬುವ ನೆಪ ಮಾಡಿ ಬಂದು ಎಲ್ಲರೆದುರು ಹೇಳಿ ಹೋದಳಂತೆ. ಕೆಂಪು ಬಾಳೆಹಣ್ಣು ತಂದಿದ್ದಳಂತೆ.

ಶಿವಶರಣ ಮನೆಗೆ ಬಂದು ಅಡುಗೆ ಮನೆಯ ಬಾಗಿಲಲ್ಲಿ ನಿಂತ.

"ನೀ ಹೋಗಿದ್ದೇನಕ್ಕಾ?"

"ಹೋಗಿದ್ದೆ."

"ನಾ ಬ್ಯಾಡಂತ ಹೇಳಿದ್ದೆ."

"ಹೇಳಿದ್ದಿ. ಅವರು ನಿನ್ನ ಉಳಿಸಿದ್ರು ತಮ್ಮಾ. ನಾ ಬರೀಗೈಲೆ ಹ್ಯಾಂಗಿರ್ಲಿ?"

ಅವನು ಅಂಗಡಿಗೆ ಹೋಗಿ ಕೂತ. ಗೋಡೆಗೆ ಅಂದಿನ ಗೆರೆ ಹಾಕಿರಲಿಲ್ಲ. ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊರಗೆ ಹೋದ. ಚಂದಮ್ಮ ಶಾಲೆಯಲ್ಲಿ ಮಕ್ಕಳಿಗೆ ಸಾರು ಬಡಿಸುತ್ತ ಅವನು ಕಲಬುರಗಿಗೇ ಹೋಗಿರಲಿ, ಕರೀಂಸಾಬನ ಕಾಲಿಗೇ ಬಿದ್ದಿರಲಿ ಎಂದು ಕಂಡ ದೇವರಿಗೆಲ್ಲ ಕೈ ಮುಗಿಯುತ್ತಿದ್ದಳು. ಮಧ್ಯಾಹ್ನ ಮನೆಗೆ ಬಂದಾಗ ಅವನು ಕಲಬುರಗಿಗೆ ಹೋಗಿರಲಿಲ್ಲ. ಒಳಗಿನ ಮಂಚದ ಮೇಲೆ ಅಡ್ಡಾದಿಡ್ಡಿ ಬಿದ್ದಿದ್ದ. ಇಸ್ತ್ರಿಯ ಅಂಗಿಯ ಮೇಲೆಲ್ಲ ವಾಂತಿ. ಚಂದಮ್ಮ ಒದ್ದೆ ಬಟ್ಟೆಯಿಂದ ಅವನ ಬಾಯಿ ಒರೆಸಿದಳು. ಅವನ ತಲೆ ಅವಳ ಕೈಯಲ್ಲಿ ಕಲ್ಲಿನಂತೆ ಭಾರವಾಗಿತ್ತು. ಪರದೆ ಎಳೆದು ಹೊರಗೆ ಬಂದು ಹೊಸ್ತಿಲ ಮೇಲೆ ಕೂತಳು. ಕೂತು ಮಾಡುವುದಕ್ಕೆ ಏನೂ ಇರಲಿಲ್ಲ.

ನಾಲ್ಕು ಗಂಟೆಯ ಸುಮಾರಿಗೆ ಓಣಿಯ ತುದಿಯಲ್ಲಿ ಬುರ್ಖಾದ ಹೆಂಗಸೊಬ್ಬಳು ಮನೆ ಮನೆಯ ಮುಂದೆ ನಿಂತು ಏನೋ ಕೇಳುತ್ತ ಬರುತ್ತಿದ್ದಳು. ಹತ್ತಿರ ಬಂದು ಮುಖದ ಬಟ್ಟೆ ಎತ್ತಿದಾಗ ಚಂದಮ್ಮನಿಗೆ ಗುರುತು ಸಿಕ್ಕಿತು. ಮೆಹಬೂಬಿ.

ಬೈಯಲು ಬಂದಿದ್ದಾಳೆ ಎಂದು ಚಂದಮ್ಮನಿಗೆ ಒಂಥರ ಸಮಾಧಾನವೇ ಆಯಿತು. ಎದ್ದು ಎರಡೂ ಕೈ ಜೋಡಿಸಿದಳು. "ನನ್ನಿಂದ ಭಾಳ ತಪ್ಪಾಗ್ಯಾದ್ರಿ. ನಿಮ್ಮ ಮನಿ ಮುರದೆ ನಾ. ಏನ್ ಅಂತೀರಿ ಅನ್ರಿ, ಅನಸ್ಕೊಳ್ತೀನಿ."

ಮೆಹಬೂಬಿ ಹೊಸ್ತಿಲ ಮೇಲೆ ಅವಳ ಪಕ್ಕದಲ್ಲೇ ಕೂತಳು. ಬಿಸಿಲಿಗೆ ಅವಳ ಮುಖ ಬತ್ತಿತ್ತು. ಚಂದಮ್ಮ ಕೊಟ್ಟ ನೀರನ್ನು ಒಂದೇ ಉಸಿರಿಗೆ ಕುಡಿದು ತಂಬಿಗೆ ಕೆಳಗಿಟ್ಟಳು.

"ಅನ್ಲಾಕ ಬಂದಿಲ್ಲಮ್ಮಾ. ಅಂದ್ರ ಏನ್ ಸಿಗ್ತದ? ಒಂದ್ ಕೆಲಸಾಗಿ ಬಂದೀನಿ. ನಮ್ಮವರು ವಾರಕ್ಕ ಮೂರ್ ಸಲ ಹೋಗ್ತಿದ್ರಲ್ಲ, ಆ ಜಾಗ ಎಲ್ಲದ? ಇಷ್ಟ್ ವರ್ಷ ಆದ್ರೂ ನಾ ಕೇಳಿಲ್ಲ, ಅವರು ಹೇಳಿಲ್ಲ. ಸೂಪರ್ ಮಾರ್ಕೆಟ್‌ನಾಗ ನಿನ್ನಿ ಪೂರಾ ದಿನ ಹುಡಕಿದೆ. ಕೇಳಿದ್ರ ಮಂದಿ ನಗ್ತಾರ."

"ಅಲ್ಲಿ ಈಗ ಯಾರೂ ಬರಂಗಿಲ್ರಿ" ಎಂದಳು ಚಂದಮ್ಮ.

"ಮತ್ತ ನಿಮ್ಮ ತಮ್ಮ? ಅಲ್ಲಿಯವರಂತ ನನಗ ಗೊತ್ತಿರೋದು ಅವರೊಬ್ಬರ. ಊರಿನ ಹೆಸರು ಹಿಡಕೊಂಡು ಬಂದೀನಿ. ಅವರು ಒಮ್ಮೆ ಬಂದು ಮಾತಾಡಿದ್ರ ನಮ್ಮವರು ಕೇಳ್ಯಾರು. ಬಾಗಲಾ ಹಾಕ್ಕೊಂಡು ಕುಂತಾರ, ನನ್ನ ಮಾತಿಗೆ ತಗಿಯಂಗಿಲ್ಲ. ಮಗಳ ಮಾತಿಗೂ ಇಲ್ಲ. ತಮ್ಮನ್ನ ಕಳಸ್ರಿ. ಇವತ್ತ, ಈಗ ನನ್ನ ಜೋಡಿನೇ ಬರ್ಲಿ."

ಚಂದಮ್ಮ ಎದ್ದು ಒಳಗೆ ಹೋಗಿ ಪರದೆ ಸರಿಸಿದಳು. ಮೆಹಬೂಬಿ ಹಿಂದೆಯೇ ಬಂದಳು. ಕೋಣೆಯ ವಾಸನೆ ಅವಳಿಗೆ ಹೊಸದಾಗಿರಲಿಲ್ಲ. ಮೂಗಿಗೆ ಸೆರಗು ಹಿಡಿಯಲಿಲ್ಲ, ಹೆಜ್ಜೆ ಹಿಂದಿಡಲಿಲ್ಲ. ಮಂಚದಿಂದ ಜೋತುಬಿದ್ದ ಶಿವಶರಣನ ಕೈಯನ್ನು ನೋಡಿದಳು. 

"ಎಷ್ಟ್ ದಿನ ಆಗಿತ್ತು ಬಿಟ್ಟು?"

"ತೊಂಬತ್ತೈದು" ಎಂದಳು ಚಂದಮ್ಮ.

ಮೆಹಬೂಬಿ ಬಗ್ಗಿ, ಜೋತುಬಿದ್ದ ಆ ಕೈಯನ್ನು ಎತ್ತಿ ಹಾಸಿಗೆಯ ಮೇಲಿಟ್ಟಳು.

"ನಮ್ಮವರದು ಹನ್ನೊಂದು ವರ್ಷ ಆಗಿತ್ತು, ಆ ಶುಕ್ರವಾರದ ತನಕ."